ಎಂಜಿಬಿ ಜಿಟಿಯ ಜೋಡಿ ಕಾರ್ಬುರೇಟರ್ ಬಿಚ್ಚಿ ಕಟ್ಟಿದ್ದು

ಕಾರು 1967ರ ಎಂಜಿಬಿ ಜಿಟಿ, ಮೊದಲ ಮಾದರಿ. ಬಣ್ಣ ಓಲ್ಡ್ ಇಂಗ್ಲಿಷ್ ವೈಟ್, ಅಂದ್ರೆ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ ಬಿಳಿ. ಎಂಜಿನ್ 1798 ಸಿಸಿ. ಅದಕ್ಕೆ ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬುರೇಟರ್, ಅಂದ್ರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಈ ಚಳಿಗಾಲ ಎರಡನ್ನೂ ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಾಯಿಸಿ, ಮತ್ತೆ ಕಟ್ಟಿ ಟ್ಯೂನ್ ಮಾಡಿದೆ.

ತೊಂದರೆ ಇದ್ದದ್ದು ಐಡ್ಲಿಂಗ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ. ಎಂಜಿನ್ ತಣ್ಣಗಿದ್ದಾಗ ಚೋಕ್ ಎಳೆದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಆರ್‌ಪಿಎಂ ತಾನಾಗಿ ಏರುತ್ತಿತ್ತು, ತಾನಾಗಿ ಇಳಿಯುತ್ತಿತ್ತು. ಸ್ಕ್ರೂ ತಿರುಗಿಸಿ ಸರಿ ಮಾಡಿದರೆ ಮಾರನೇ ದಿನ ಮತ್ತೆ ಅದೇ ಕಥೆ. ಸಣ್ಣ ಆಕ್ಸಿಲರೇಟರ್‌ನಲ್ಲಿ ಹೋಗುವಾಗ ಮಿಸ್ಸಿಂಗ್ ಹೊಡೆಯುತ್ತಿತ್ತು. ಜೋರಾಗಿ ಒತ್ತಿದರೆ ಮಾತ್ರ ಏನೂ ತೊಂದರೆ ಇಲ್ಲ. ಎಸ್‌ಯು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಎಲ್ಲಿಂದಲೋ ಕಳ್ಳ ಗಾಳಿ ಒಳಗೆ ಬರುತ್ತಿದೆ ಅಂತ ಹೇಳಿಬಿಡುತ್ತಾರೆ.

ಕೆಲಸಕ್ಕೆ ಇಳಿಯುವ ಮುಂಚೆ ಈ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಎಂಜಿ ಅಂದ್ರೆ ಈಗ ನಮ್ಮ ಕಡೆ ಹೆಕ್ಟರ್ ನೆನಪಾಗುತ್ತದೆ. ಆ ಎಂಟು ಮೂಲೆಯ ಬ್ಯಾಡ್ಜ್ ಹುಟ್ಟಿದ್ದು 1920ರ ದಶಕದಲ್ಲಿ, ಆಕ್ಸ್‌ಫರ್ಡ್‌ನ ಮಾರಿಸ್ ಗ್ಯಾರೇಜಸ್‌ನಲ್ಲಿ. 1929ರಿಂದ 1980ರವರೆಗೆ ಎಂಜಿ ಕಾರುಗಳ ಮನೆ ಪಕ್ಕದ ಆಬಿಂಗ್ಡನ್. ನಾನಿರುವುದು ಅದೇ ಸೀಮೆಯಲ್ಲಿ. ತೆರೆದ ಎಂಜಿಬಿ 1962ರಲ್ಲಿ ಬಂತು, ಗಟ್ಟಿ ಛಾವಣಿಯ ಜಿಟಿ 1965ರಲ್ಲಿ. ಮೂಲ ಕಾರು ಸಿಡ್ ಎನೆವರ್ ಅವರ ತಂಡದ್ದು. ಜಿಟಿಯ ಛಾವಣಿಗೆ ಕೈ ಹಾಕಿದ್ದು ಇಟಲಿಯ ಪಿನಿನ್‌ಫರೀನಾ. ಅವರು ಮುಂದಿನ ಗಾಜನ್ನು ಎತ್ತರಿಸಿದರು. ಅಷ್ಟರಿಂದಲೇ ಇಡೀ ಕಾರಿನ ರೂಪ ಕೂಡಿಕೊಂಡಿತು. ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಂದಕ್ಕೆ ನೋಡಿ. ಡಿಕ್ಕಿಯ ಅಂಚಿನಿಂದ ಹೆಡ್‌ಲೈಟಿನವರೆಗೆ ಗೆರೆ ಎಲ್ಲೂ ತಡವರಿಸುವುದಿಲ್ಲ.

ಆಗ ಎಂಜಿಯ ಮುಖ್ಯಸ್ಥರಾಗಿದ್ದ ಜಾನ್ ಥಾರ್ನ್ಲಿ ಅವರ ಮನಸ್ಸಿನಲ್ಲಿ ಇದ್ದದ್ದು ಆಸ್ಟನ್ ಮಾರ್ಟಿನ್ ತರಹದ ಕಾರು. ಆದರೆ ಬೆಲೆ ಸಾಮಾನ್ಯರಿಗೆ ಎಟುಕಬೇಕು. ಜಿಟಿ ಅಂದ್ರೆ ಗ್ರ್ಯಾಂಡ್ ಟೂರಿಂಗ್: ಇಬ್ಬರು, ಅವರ ಬ್ಯಾಗು, ದೂರದ ಊರು. ಮಳೆ ಬಂದರೂ ಸರಿ, ಚಳಿ ಬಂದರೂ ಸರಿ. ಜಿಟಿಯ ಹಿಂದಿನ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಸಾಮಾನು ತುಂಬಲು ಸಲೀಸು. ಹಿಂದೆ ಒಂದು ಸೀಟು ಇದೆ, ಚಿಕ್ಕ ಮಕ್ಕಳಿಗೆ ಮಾತ್ರ ಆದೀತು. ವೇಗ ಗಂಟೆಗೆ 100 ಮೈಲಿಗಿಂತ ಸ್ವಲ್ಪ ಜಾಸ್ತಿ. ಇವತ್ತಿನ ಲೆಕ್ಕದಲ್ಲಿ ಅದು ದೊಡ್ಡದಲ್ಲ. ಈ ಕಾರಿನ ಸುಖ ವೇಗದಲ್ಲಿಲ್ಲ. ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಹಾಕಿಕೊಂಡು ದಿನವಿಡೀ ಓಡಿಸಬಹುದು. ಮಾರನೇ ದಿನ ಅದನ್ನೇ ಮನೆ ಮುಂದೆ ನಿಲ್ಲಿಸಿ ನಾಲ್ಕು ಸ್ಪ್ಯಾನರ್‌ನಲ್ಲಿ ಬಿಚ್ಚಿ ನೋಡಬಹುದು. ದೂರ ಹೋಗುವ ಕಾರು ಇಷ್ಟು ಹತ್ತಿರದಿಂದ ಅರ್ಥವಾಗುತ್ತದೆ ಎನ್ನುವುದೇ ನನಗೆ ಇದರ ದೊಡ್ಡ ಗುಣ.

ಇನ್ನೊಂದು ವಿಷಯ ನಮ್ಮವರಿಗೆ ಖುಷಿ ಕೊಡುವಂಥದ್ದು. ಈ ಎಂಜಿನ್ ನಮಗೆ ಹೊಸದಲ್ಲ. ಅಂಬಾಸಿಡರ್‌ನಲ್ಲಿ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ಕುಟುಂಬದ್ದು. ಎರಡರಲ್ಲೂ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 88.9 ಮಿ.ಮೀ. ಬೋರ್ (ಸಿಲಿಂಡರ್‌ನ ಅಗಲ) ಮಾತ್ರ ಬೇರೆ: ಅಂಬಾಸಿಡರ್‌ನಲ್ಲಿ 73, ಎಂಜಿಬಿಯಲ್ಲಿ 80.26. ಇಬ್ಬರಿಗೂ ಪುಷ್‌ರಾಡ್, ಎಂಟು ವಾಲ್ವ್. ಹಾಗಾಗಿ ಅನುಮಾನ ಬಂದಾಗಲೆಲ್ಲ ನನಗೆ ಶಿವಮೊಗ್ಗದಲ್ಲಿ ಒಬ್ಬ ಸಲಹೆಗಾರ ಇದ್ದಾರೆ. ನನ್ನ ಸೋದರಮಾವ ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು, ರಿಪೇರಿಯನ್ನೂ ತಾವೇ ಮಾಡಿಕೊಂಡವರು.

ಕಾರ್ಬುರೇಟರ್ ಮುಟ್ಟುವ ಮುಂಚೆ ಉಳಿದದ್ದೆಲ್ಲ ಸರಿ ಇರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025 ಇಂಚು, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಕ್ಷಣ) ಎಂಜಿನ್ ನಿಂತಿರುವಾಗ ಟಿಡಿಸಿಗೆ, ಅಂದ್ರೆ ಪಿಸ್ಟನ್ ತುತ್ತತುದಿ ಮುಟ್ಟುವ ಜಾಗಕ್ಕೆ, 10 ಡಿಗ್ರಿ ಮುಂಚೆ. ಆಮೇಲೆ ಟ್ಯಾಪೆಟ್, ಅಂದ್ರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು. ತಣ್ಣನೆಯ ಎಂಜಿನ್‌ನಲ್ಲಿ 0.015 ಇಂಚು, ಅಂದ್ರೆ 0.38 ಮಿ.ಮೀ. ಇದಕ್ಕೆ ಒಂಬತ್ತರ ಲೆಕ್ಕ ಇದೆ. ಮುಂದಿನಿಂದ ವಾಲ್ವ್‌ಗಳಿಗೆ ಒಂದರಿಂದ ಎಂಟು ನಂಬರ್ ಕೊಡಿ. ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಿ. ಆರನೆಯದು ತೆರೆದಾಗ ಮೂರನೆಯದು. ಕೂಡಿದರೆ ಯಾವಾಗಲೂ ಒಂಬತ್ತು. ಕ್ಯಾಮ್‌ನ ಯಾವ ಮುಖ ಎಲ್ಲಿದೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಫೋನನ್ನು ರಾಕರ್ ಕವರ್ ಹತ್ತಿರ ಹಿಡಿದೆ.

"ಮಾವ, ಟ್ಯಾಪೆಟ್ ಸೌಂಡ್ ಜಾಸ್ತಿ ಅನ್ಸುತ್ತಾ?"

"ಮಾತಾಡ್ಲಿ ಬಿಡೋ. ಮಾತಾಡೋ ಟ್ಯಾಪೆಟ್ಟೇ ಒಳ್ಳೇದು. ಬಿಗಿ ಮಾಡಿ ಸುಮ್ನಿರಿಸಿದ್ರೆ ವಾಲ್ವ್ ಸುಟ್ಟು ಹೋಗುತ್ತೆ." ಆಮೇಲೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನಿನ್ನ ತೊಂದ್ರೆ ಅಲ್ಲಿಲ್ಲ ಕಣೋ, ಪಕ್ಕದಲ್ಲಿದೆ. ಸುಯ್ ಅಂತಿದೆ ನೋಡು" ಎಂದರು.

ಪಕ್ಕದಲ್ಲಿ ಇರುವುದು ಕಾರ್ಬುರೇಟರ್‌ಗಳೇ. ಕಳ್ಳ ಗಾಳಿ ಹುಡುಕಲು ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಎಡಗಡೆಯೇ, ಒಂದರ ಕೆಳಗೆ ಇನ್ನೊಂದು. ಕಾದ ಎಕ್ಸಾಸ್ಟ್ ಮೇಲೆ ಹೊತ್ತಿಕೊಳ್ಳುವ ಸ್ಪ್ರೇ ಬೇಡವೇ ಬೇಡ. ನಾನು ಬಳಸಿದ್ದು ಗ್ರೀಸ್. ಥ್ರಾಟಲ್ ಸ್ಪಿಂಡಲ್, ಅಂದ್ರೆ ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ, ಕಾರ್ಬುರೇಟರ್ ಬಾಡಿಯಿಂದ ಹೊರಗೆ ಬರುವ ನಾಲ್ಕೂ ಜಾಗಕ್ಕೆ ಒಂದೊಂದು ಚಿಟಿಕೆ ಗ್ರೀಸ್ ಮೆತ್ತಿದೆ. ಐಡ್ಲಿಂಗ್ ತಕ್ಷಣ ಇಳಿದು ಸಮವಾಯಿತು. ಸ್ವಲ್ಪ ಹೊತ್ತಿಗೆ ಗ್ರೀಸ್ ಒಳಗೆ ಎಳೆದುಕೊಂಡು ಹೋಯಿತು, ಹಳೆಯ ಚಾಳಿ ಮರಳಿತು. ರೋಗ ಸಿಕ್ಕಿತು. ಸ್ಪಿಂಡಲ್ ಸವೆದು ಆಟ, ಅಂದ್ರೆ ಸಡಿಲ, ಬಂದಿದೆ.

ಎಸ್‌ಯು ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸ್ಕಿನ್ನರ್ ಅಂತ ಒಂದು ಕುಟುಂಬ, ಪಾದರಕ್ಷೆ ವ್ಯಾಪಾರದವರು. ಸ್ಕಿನ್ನರ್ಸ್ ಯೂನಿಯನ್, ಅದೇ ಎಸ್‌ಯು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಮೊದಮೊದಲ ಕಾರ್ಬುರೇಟರ್‌ಗಳಲ್ಲಿ ಚರ್ಮದ ತಿದಿಯೇ ಇತ್ತು. ನನ್ನ ಕಾರಿನಲ್ಲಿ ಆ ಜಾಗದಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಇದೆ. ಕಾಲು ಒತ್ತಿದಾಗ ತೆರೆಯುವುದು ಬಟರ್‌ಫ್ಲೈ, ಅಂದ್ರೆ ಗಾಳಿಯ ದಾರಿ ಮುಚ್ಚುವ ತಟ್ಟೆ, ಮಾತ್ರ. ಎಂಜಿನ್ ಗಾಳಿ ಎಳೆಯುತ್ತದೆ. ಆ ಸೆಳೆತಕ್ಕೆ ಮೇಲಿನ ಗುಮ್ಮಟದೊಳಗೆ ಪಿಸ್ಟನ್ ಏರುತ್ತದೆ. ಪಿಸ್ಟನ್‌ಗೆ ಕೆಳಗಡೆ ಒಂದು ಸೂಜಿ ಅಂಟಿಕೊಂಡಿದೆ, ತುದಿಗೆ ಹೋದಂತೆ ಸಣ್ಣಗಾಗುವ ಸೂಜಿ. ಅದು ಪೆಟ್ರೋಲ್ ಬರುವ ಕೊಳವೆಯಾದ ಜೆಟ್‌ನ ತೂತಿನೊಳಗೆ ಇಳಿಬಿದ್ದಿದೆ. ಪಿಸ್ಟನ್ ಏರಿದಷ್ಟೂ ಗಾಳಿಗೆ ದಾರಿ ಅಗಲ, ಪೆಟ್ರೋಲಿಗೂ ದಾರಿ ಅಗಲ. ಎಂಜಿನ್‌ಗೆ ಎಷ್ಟು ಬೇಕೋ ಅಷ್ಟು ತಾನೇ ತೆಗೆದುಕೊಳ್ಳುತ್ತದೆ. ಒಂದೇ ಜೆಟ್, ಒಂದೇ ಸೂಜಿ. ದಿಢೀರ್ ಅಂತ ಕಾಲು ಒತ್ತಿದಾಗ ಪಿಸ್ಟನ್ ಹಾರಬಾರದು ಅಂತ ಅದರ ನಡುವಿನ ಕೊಳವೆಯಲ್ಲಿ ಎಣ್ಣೆ, ಎಣ್ಣೆಯೊಳಗೆ ಡ್ಯಾಂಪರ್. ಪಿಸ್ಟನ್ ಏರಲು ಒಂದು ಕ್ಷಣ ತಡವಾಗುತ್ತದೆ, ಆ ಕ್ಷಣ ಜೆಟ್ ಮೇಲೆ ಸೆಳೆತ ಜಾಸ್ತಿ, ಪೆಟ್ರೋಲ್ ಜಾಸ್ತಿ. ಪಿಕಪ್ ಬರುವುದು ಅಲ್ಲಿಂದ. ಆಸ್ಟನ್ ಮಾರ್ಟಿನ್ ಡಿಬಿ5ನಲ್ಲೂ ಜಾಗ್ವಾರ್ ಇ-ಟೈಪ್‌ನಲ್ಲೂ ಇಂಥವೇ ಮೂರು ಮೂರು ಇದ್ದವು. ಅಳತೆ ದೊಡ್ಡದು, ಕೆಲಸ ಇದೇ.

ಬಿಚ್ಚುವುದು ಕಷ್ಟವಲ್ಲ. ಬ್ಯಾಟರಿ ಸಂಪರ್ಕ ಮೊದಲು ತೆಗೆಯಬೇಕು. ಈ ಕಾರಿನಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿ ಹಿಂಬದಿ ಸೀಟಿನ ಕೆಳಗೆ ಇವೆ, ಕಾರಿನ ಬಾಡಿಗೆ ಅರ್ತಿಂಗ್ ಆಗಿರುವುದು ಪಾಸಿಟಿವ್ ಕಡೆ. ಹೊಸ ಕಾರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಏರ್ ಫಿಲ್ಟರ್ ಡಬ್ಬಿಗಳು, ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್, ಪೆಟ್ರೋಲ್ ಪೈಪು, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪು, ರಿಟರ್ನ್ ಸ್ಪ್ರಿಂಗು. ಆಮೇಲೆ ಅರ್ಧ ಇಂಚಿನ ಸ್ಪ್ಯಾನರ್‌ನಲ್ಲಿ ನಟ್ಟುಗಳು. ಎರಡೂ ಒಟ್ಟಿಗೆ ಕೈಗೆ ಬಂದವು. ಹಿಂದೆ ಇರುವ ಗ್ಯಾಸ್ಕೆಟ್, ಶಾಖ ತಡೆಯುವ ದಪ್ಪ ತುಂಡು, ಮತ್ತೆ ಗ್ಯಾಸ್ಕೆಟ್, ತಗಡಿನ ಹೀಟ್ ಶೀಲ್ಡ್, ಮತ್ತೆ ಗ್ಯಾಸ್ಕೆಟ್, ಈ ಕ್ರಮವನ್ನು ಫೋಟೊ ತೆಗೆದು ಇಟ್ಟುಕೊಂಡೆ.

ಎರಡು ಟ್ರೇ ಇಟ್ಟು ಒಂದಕ್ಕೆ 'ಮುಂದೆ', ಇನ್ನೊಂದಕ್ಕೆ 'ಹಿಂದೆ' ಅಂತ ಬರೆದೆ. ಗುಮ್ಮಟ ಮತ್ತು ಪಿಸ್ಟನ್ ಕಾರ್ಖಾನೆಯಲ್ಲೇ ಜೊತೆ ಮಾಡಿ ಬಂದವು. ಒಂದರ ಪಿಸ್ಟನ್ ಇನ್ನೊಂದರ ಗುಮ್ಮಟಕ್ಕೆ ಹಾಕಬಾರದು. ಅವನ್ನು ಉಜ್ಜಲೂ ಬಾರದು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಾಲಿಷ್ ಪೇಪರ್ ಹಾಕಿ ಹೊಳೆಯಿಸಿದ ಗುಮ್ಮಟಗಳನ್ನು ನೋಡಿದ್ದೇನೆ, ಒಳಗೆ ಗಾಳಿ ಸೋರಿ ಪಿಸ್ಟನ್ ಸರಿಯಾಗಿ ಏರುವುದಿಲ್ಲ.

ಬಟರ್‌ಫ್ಲೈಯನ್ನು ಸ್ಪಿಂಡಲ್‌ಗೆ ಹಿಡಿದಿರುವುದು ಎರಡು ಪುಟ್ಟ ಸ್ಕ್ರೂ. ಅವುಗಳ ಬಾಲ ಸೀಳಿ, ಅಗಲಿಸಿ ಇಟ್ಟಿರುತ್ತಾರೆ, ಸಡಿಲವಾಗಿ ಎಂಜಿನ್‌ನೊಳಗೆ ಬೀಳಬಾರದು ಅಂತ. ಹಾಗೇ ಬಲವಂತವಾಗಿ ತಿರುಗಿಸಿದರೆ ಸ್ಪಿಂಡಲ್‌ನ ಥ್ರೆಡ್ ಹಾಳು. ಬಾಲವನ್ನು ಸಣ್ಣ ಅರದಲ್ಲಿ ಉಜ್ಜಿ ತೆಗೆದು ಆಮೇಲೆ ಬಿಚ್ಚಿದೆ. ಸ್ಪಿಂಡಲ್ ಹಿತ್ತಾಳೆಯದು, 5/16 ಇಂಚು ದಪ್ಪ. ಹೊರಗೆ ಎಳೆದು ಉಗುರು ಆಡಿಸಿದರೆ ಸವೆದ ಜಾಗದ ಮೆಟ್ಟಿಲು ಗೊತ್ತಾಗುತ್ತಿತ್ತು. ಹೊಸ ಸ್ಪಿಂಡಲ್ ತೂರಿಸಿ ನೋಡಿದೆ. ಮುಂದಿನ ಕಾರ್ಬುರೇಟರ್‌ನಲ್ಲಿ ಆಟ ಪೂರ್ತಿ ಹೋಯಿತು. ಹಿಂದಿನದರಲ್ಲಿ ಹೋಗಲಿಲ್ಲ, ಬಾಡಿಯೇ ಸವೆದಿತ್ತು. ಆಕ್ಸಿಲರೇಟರ್ ಕೇಬಲ್ ಎಳೆಯುವ ಒತ್ತಡ ಒಂದೇ ಕಡೆ ಬಿದ್ದರೆ ತೂತು ಮೊಟ್ಟೆಯಾಕಾರ ಆಗುತ್ತದೆ.

ಅದಕ್ಕೆ ಬುಷ್, ಅಂದ್ರೆ ಸವೆದ ತೂತಿಗೆ ಹೊಸ ಒಳಬಳೆ, ಹಾಕಬೇಕು. ಈ ಒಂದು ಕೆಲಸಕ್ಕೆ ನಮ್ಮ ಊರಿನ ಪಕ್ಕದ ಸಣ್ಣ ಮಷೀನ್ ಶಾಪ್‌ಗೆ ಹೋದೆ. ಅಲ್ಲಿರುವ ಹಿರಿಯರು ಜೀವನವಿಡೀ ಟೂಲ್‌ಮೇಕರ್ ಆಗಿದ್ದವರು. ಎರಡೂ ಕಡೆಯ ತೂತನ್ನು ಒಂದೇ ರೀಮರ್‌ನಲ್ಲಿ, ಒಂದೇ ಗೆರೆಯಲ್ಲಿ ಕೊರೆಯಬೇಕು. ಬೇರೆ ಬೇರೆ ಕೊರೆದರೆ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ. ಅವರು ಬಾಡಿಯನ್ನು ಹಿಡಿಕೆಗೆ ಕೂರಿಸಲು ತೆಗೆದುಕೊಂಡ ಹೊತ್ತು ಕೊರೆಯಲು ತೆಗೆದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಡಯಲ್ ಗೇಜ್‌ನ ಮುಳ್ಳು ಅಲುಗದೆ ನಿಲ್ಲುವವರೆಗೂ ತಟ್ಟುತ್ತಲೇ ಇದ್ದರು. ಕಂಚಿನ ಬುಷ್ ಒತ್ತಿ ಕೂರಿಸಿ, ಸ್ಪಿಂಡಲ್ ಹಾಕಿ, ಕೈಗೆ ಕೊಟ್ಟರು. ಬೆರಳ ತುದಿಯಲ್ಲಿ ತಿರುಗಿಸಿದರೆ ಹಗುರಾಗಿ ತಿರುಗುತ್ತಿತ್ತು, ಮೇಲೆ ಕೆಳಗೆ ಅಲ್ಲಾಡಿಸಿದರೆ ಏನೂ ಇಲ್ಲ.

ಬಟರ್‌ಫ್ಲೈ ಮತ್ತೆ ಹಾಕುವಾಗ ಅವಸರ ಮಾಡಬಾರದು. ಸ್ಕ್ರೂಗಳನ್ನು ಸಡಿಲ ಬಿಟ್ಟು, ಸ್ಪಿಂಡಲ್ ಅನ್ನು ಹಲವು ಸಲ ಟಪ್ ಟಪ್ ಅಂತ ಮುಚ್ಚಬೇಕು. ತಟ್ಟೆ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಸುತ್ತ ಎಲ್ಲೂ ಬೆಳಕಿನ ಗೆರೆ ಕಾಣಬಾರದು. ಕಾಣದಿದ್ದರೆ ಸ್ಕ್ರೂ ಬಿಗಿ ಮಾಡಿ, ಹೊಸ ಸ್ಕ್ರೂವಿನ ಬಾಲ ಅಗಲಿಸಬೇಕು.

ಇನ್ನು ಸೂಜಿ ಮತ್ತು ಜೆಟ್. ಸೂಜಿಯ ಕತ್ತಿನಲ್ಲಿ '5' ಅಂತ ಒತ್ತಿರುತ್ತದೆ, ಈ ಎಂಜಿನ್‌ಗೆ ಅದೇ ಬೇಕಾದದ್ದು. ಪಿಸ್ಟನ್ ಮೇಲಿನ ಸ್ಪ್ರಿಂಗ್‌ಗೆ ಕೆಂಪು ಬಣ್ಣ. ನನ್ನ ಹಳೆಯ ಸೂಜಿಯ ಒಂದು ಪಕ್ಕ ಮಾತ್ರ ಹೊಳೆಯುತ್ತಿತ್ತು, ಜೆಟ್‌ಗೆ ಉಜ್ಜಿ ಉಜ್ಜಿ ಆದದ್ದು. ಎರಡೂ ಬದಲಾಯಿಸಿದೆ. ಹೊಸ ಸೂಜಿಯ ಭುಜ ಪಿಸ್ಟನ್‌ನ ತಳಕ್ಕೆ ಸರಿಸಮ ಇರಬೇಕು.

ಈ ಮಾದರಿಯಲ್ಲಿ ಸೂಜಿ ಗಟ್ಟಿಯಾಗಿ ನಿಂತಿರುತ್ತದೆ, ಆದ್ದರಿಂದ ಜೆಟ್ ಅನ್ನು ಅದಕ್ಕೆ ನಡುಮಧ್ಯ ಬರುವಂತೆ ಕೂರಿಸಬೇಕು. ನನಗೆ ಇಡೀ ಕೆಲಸದಲ್ಲಿ ತುಂಬ ಹಿಡಿಸುವುದು ಇದೇ ಘಟ್ಟ. ಜೆಟ್‌ನ ದೊಡ್ಡ ಹಿತ್ತಾಳೆ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ. ಜೆಟ್ ಪೂರ್ತಿ ಮೇಲಕ್ಕೆ. ಗುಮ್ಮಟದ ಮೇಲಿನ ತೂತಿನಿಂದ ಪೆನ್ಸಿಲ್ ಇಳಿಸಿ ಪಿಸ್ಟನ್ ಅನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಸೂಜಿ ಒಳಗೆ ಇಳಿಯುವಾಗ ಜೆಟ್ ಅನ್ನು ತನ್ನ ಜೊತೆ ನಡುವಿಗೆ ಎಳೆದುಕೊಳ್ಳುತ್ತದೆ. ಹಾಗೇ ಒತ್ತಿ ಹಿಡಿದು ನಟ್ಟು ಬಿಗಿ ಮಾಡಿ. ಈಗ ಪಿಸ್ಟನ್ ಎತ್ತಿ ಬಿಡಿ. ಠಕ್ ಅಂತ ಕೇಳಬೇಕು, ಲೋಹಕ್ಕೆ ಲೋಹ ತಾಗಿದ ಸ್ಪಷ್ಟ ಸದ್ದು. ಜೆಟ್ ಅನ್ನು ಕೆಳಗಿಳಿಸಿ ಮತ್ತೆ ಎತ್ತಿ ಬಿಡಿ. ಅದೇ ಸದ್ದು ಬರಬೇಕು. ಎರಡನೇ ಸಲ ಸದ್ದು ಹೆಚ್ಚು ಚುರುಕಾಗಿದ್ದರೆ ಜೆಟ್ ಇನ್ನೂ ನಡುವಿಗೆ ಬಂದಿಲ್ಲ, ಮತ್ತೆ ಮಾಡಬೇಕು. ಯಾವ ಮೀಟರೂ ಬೇಡ, ಕಿವಿ ಸಾಕು. ಹಿಂದಿನ ಕಾರ್ಬುರೇಟರ್ ಸ್ವಲ್ಪ ಸತಾಯಿಸಿತು. ನಟ್ಟು ಬಿಗಿಯುವಾಗ ಜೆಟ್ ಕೂಡ ಕೂದಲೆಳೆಯಷ್ಟು ತಿರುಗುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದ ಮೇಲೆ ದಾರಿಗೆ ಬಂತು.

ಫ್ಲೋಟ್, ಅಂದ್ರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಚೇಂಬರ್‌ನ ಮುಚ್ಚಳ ತಲೆಕೆಳಗು ಹಿಡಿದು, ಫ್ಲೋಟ್ ಮತ್ತು ಅಂಚಿನ ನಡುವೆ 1/8 ಇಂಚಿನ ಡ್ರಿಲ್ ಬಿಟ್ ತೂರಬೇಕು, ಅಷ್ಟೇ. ಪೆಟ್ರೋಲ್ ಪೈಪುಗಳನ್ನು ಪೂರ್ತಿ ಬದಲಾಯಿಸಿದೆ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಬಂಕ್‌ನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಇ10, ಶೇಕಡಾ 10ರವರೆಗೆ ಎಥನಾಲ್. ಹಳೆಯ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತದೆ. ಎಥನಾಲ್ ತಡೆಯುವ ಆರ್9 ದರ್ಜೆಯ ಪೈಪು ಹಾಕಿ, ಎಥನಾಲ್ ಕಮ್ಮಿ ಇರುವ ಸೂಪರ್ ಇ5 ತುಂಬಿಸುತ್ತೇನೆ. ಊರಲ್ಲಿ ಹಳೆ ಕಾರು, ಹಳೆ ಬೈಕ್ ಇಟ್ಟುಕೊಂಡವರೂ ಇದನ್ನು ಗಮನಿಸಬೇಕು, ಅಲ್ಲಿ ಎಥನಾಲ್ ಪ್ರಮಾಣ ಇನ್ನೂ ಜಾಸ್ತಿ.

ಎಲ್ಲ ಕೂರಿಸಿ, ಗುಮ್ಮಟಗಳಿಗೆ ತೆಳು ಎಣ್ಣೆ ಹಾಕಿದೆ, ಎಸ್‌ಎಇ 20. ಡ್ಯಾಂಪರ್ ಇಳಿಸುವಾಗ ಮುಚ್ಚಳ ಕೂರಲು ಇನ್ನೂ ಕಾಲು ಇಂಚು ಇರುವಾಗಲೇ ಬೆರಳಿಗೆ ತಡೆ ಸಿಗಬೇಕು. ಕೀ ತಿರುಗಿಸಿದೆ. ಹಿಂದಿನ ಚಕ್ರದ ಹತ್ತಿರ ಇರುವ ಎಸ್‌ಯು ಪಂಪ್ ಟಿಕ್ ಟಿಕ್ ಟಿಕ್ ಅಂತ ಜೋರಾಗಿ ಶುರುಮಾಡಿ, ನಿಧಾನವಾಗಿ, ನಿಂತಿತು. ಅಂದ್ರೆ ಎರಡೂ ಫ್ಲೋಟ್ ಚೇಂಬರ್ ತುಂಬಿವೆ, ಎಲ್ಲೂ ಸೋರುತ್ತಿಲ್ಲ. ನಿಲ್ಲದೆ ಟಿಕ್ ಅನ್ನುತ್ತಲೇ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಬಾರದು, ಬಾನೆಟ್ ಎತ್ತಿ ನೋಡಬೇಕು.

ಟ್ಯೂನಿಂಗ್‌ಗೆ ಎರಡು ಕಾರ್ಬುರೇಟರ್ ನಡುವಿನ ಲಿಂಕ್ ಸಡಿಲ ಮಾಡಬೇಕು, ಇಲ್ಲದಿದ್ದರೆ ಒಂದನ್ನು ತಿರುಗಿಸಿದರೆ ಇನ್ನೊಂದೂ ಜೊತೆಗೆ ಹೋಗುತ್ತದೆ. ಜೆಟ್ ಅನ್ನು ಏರಿಸಿ ಇಳಿಸುವ ಕೆಳಗಿನ ನಟ್ಟಿಗೆ ಆರು ಮುಖ. ಜೆಟ್ ಮೇಲ್ಮಟ್ಟಕ್ಕೆ ಸಮ ಇದ್ದಾಗಿನಿಂದ ಹನ್ನೆರಡು ಮುಖ, ಅಂದ್ರೆ ಎರಡು ಸುತ್ತು ಕೆಳಗೆ. ಅಲ್ಲಿಂದ ಶುರು. ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟೆ. ಮೊದಲು ಗಾಳಿ: ರಬ್ಬರ್ ಪೈಪಿನ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ಕಿವಿಗೆ. ಎರಡರಲ್ಲೂ ಒಂದೇ ಮಟ್ಟದ ಸುಯ್ ಬರುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿದೆ. ಆಮೇಲೆ ಮಿಕ್ಸ್‌ಚರ್. ಪಕ್ಕದಲ್ಲಿ ಪಿಸ್ಟನ್ ಎತ್ತುವ ಪುಟ್ಟ ಪಿನ್ ಇದೆ. ಪಿಸ್ಟನ್ ಅನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಬೇಕು. ಆರ್‌ಪಿಎಂ ಏರಿ ಏರಿದ್ದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಸಾಯುವಂತಾದರೆ ಪೆಟ್ರೋಲ್ ಕಮ್ಮಿ. ಒಂದು ಚೂರು ಏರಿ ಮತ್ತೆ ಕೂತರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಕಾಯಬೇಕು. ಮಿಕ್ಸ್‌ಚರ್ ಬದಲಾದರೆ ಐಡ್ಲಿಂಗ್ ಬದಲಾಗುತ್ತದೆ, ಆಗ ಮತ್ತೆ ಗಾಳಿ ನೋಡಬೇಕು. ಹೀಗೆ ಹಿಂದೆ ಮುಂದೆ ಓಡಾಡುತ್ತಾ ಇದ್ದಾಗ ಒಂದು ಹಂತದಲ್ಲಿ ಎಂಜಿನ್‌ನ ಸದ್ದೇ ಮೆತ್ತಗಾಗುತ್ತದೆ. ಅಲ್ಲಿಗೆ ಕೈ ತೆಗೆಯಬೇಕು.

ಒಣ ಬಿಸಿಲಿನ ಭಾನುವಾರ ಬರ್ಫರ್ಡ್ ಕಡೆಯಿಂದ ಸ್ಟೋ-ಆನ್-ದ-ವೋಲ್ಡ್‌ಗೆ, ಅಲ್ಲಿಂದ ಫಾಸ್ ವೇ ಹಿಡಿದು ಹೋದೆ. ರೋಮನ್ನರು ಹಾಕಿದ ರಸ್ತೆ ಅದು, ಗುಡ್ಡ ಬಂದರೂ ಅದರ ದಿಕ್ಕು ಕದಲುವುದಿಲ್ಲ. ಅರ್ಧ ಆಕ್ಸಿಲರೇಟರ್‌ನಲ್ಲಿ ಏರು ಹತ್ತುವಾಗ ಮೊದಲಿದ್ದ ಮಿಸ್ಸಿಂಗ್ ಇಲ್ಲವೇ ಇಲ್ಲ. ಮೇಲೆ ಹತ್ತಿ ಡ್ಯಾಶ್‌ಬೋರ್ಡ್‌ನ ಸ್ವಿಚ್ ಒತ್ತಿ ಓವರ್‌ಡ್ರೈವ್‌ಗೆ ಬಿಟ್ಟೆ. ಸದ್ದು ಇಳಿಯಿತು, ವೇಗ ಹಾಗೇ ಉಳಿಯಿತು. ಉದ್ದನೆಯ ಬಾನೆಟ್ ಮುಂದೆ ಚಾಚಿಕೊಂಡಿದೆ, ಕೂತಿರುವುದು ನೆಲಕ್ಕೆ ಹತ್ತಿರ, ತೆಳುವಾದ ಸ್ಟೀರಿಂಗ್‌ನಲ್ಲಿ ರಸ್ತೆಯ ಒಂದೊಂದು ಒರಟೂ ಕೈಗೆ ತಿಳಿಯುತ್ತದೆ. ಅರವತ್ತರ ದಶಕದವರು ಈ ಕಾರಿನಲ್ಲಿ ಆಲ್ಪ್ಸ್ ದಾಟಿ ರಜೆಗೆ ಹೋಗುವ ಕನಸು ಯಾಕೆ ಕಂಡಿರಬಹುದು ಅನ್ನುವುದು ಓಡಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆ ಬಂದು ಪ್ಲಗ್ ತೆಗೆದು ನೋಡಿದೆ. ಮುಂದಿನ ಎರಡು ಬಿಸ್ಕೆಟ್ ಬಣ್ಣ. ಹಿಂದಿನ ಎರಡು ಸ್ವಲ್ಪ ಕಪ್ಪು. ಹಿಂದಿನ ಜೆಟ್ ಒಂದು ಮುಖ ಮೇಲಕ್ಕೆ ತಂದೆ, ಮತ್ತೆ ಒಂದು ಸುತ್ತು ಹೋಗಿ ಬಂದು ನೋಡಿದಾಗ ನಾಲ್ಕೂ ಒಂದೇ ಬಣ್ಣ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ: ನನ್ನ ಕಾರಿನಲ್ಲಿ ಕೊನೆಗೆ ನಿಂತದ್ದು ಮುಂದೆ ಹದಿಮೂರು ಮುಖ, ಹಿಂದೆ ಹನ್ನೆರಡು, ಐಡ್ಲಿಂಗ್ ಸುಮಾರು 800. ನಿಮ್ಮದರಲ್ಲಿ ಒಂದೆರಡು ಮುಖ ಆಚೀಚೆ ಆಗಬಹುದು, ಪ್ಲಗ್‌ನ ಬಣ್ಣ ನೋಡಿ ತೀರ್ಮಾನಿಸಿ. ಹೊಸ ಬುಷ್ ಕೂರಲು ಸ್ವಲ್ಪ ಓಡಿಸಿ ಆಮೇಲೆ ಲಿಂಕ್‌ನ ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ ನೋಡಬೇಕು, ಡ್ಯಾಂಪರ್ ಎಣ್ಣೆ ಕಮ್ಮಿಯಾಗಿದ್ದರೆ ತುಂಬಬೇಕು.